ಖಾಲಿ ಸಾಲಿನ ಮೇಲೆ ಎರಡು ಗೆರೆ

ಹಡಗಿನ ಮೇಲಿಂದ,
ಆರನೆಯ ಅಂತಸ್ತು, ಕಿಟಕಿ ಇಲ್ಲದ ಕೋಣೆ
ಶುಕ್ರವಾರ, ಇಪ್ಪತ್ತೊಂದನೆಯ ತಾರೀಖು, ಮಧ್ಯಾಹ್ನ

ಪ್ರೀತಿಯ ಗುಂಡನಿಗೆ ಅಮ್ಮನ ತುಂಬು ಆಶೀರ್ವಾದಗಳು.

ಹೇಗಿದ್ದೀಯಪ್ಪ? ಹಿಮ್ಮಡಿಯ ನೋವು ಈಗ ಹೇಗಿದೆ? ಬೂಟಿನೊಳಗೆ ಮೆತ್ತನೆಯ ತುಂಡೊಂದನ್ನು ಇಟ್ಟುಕೊಳ್ಳಲು ಡಾಕ್ಟರು ಹೇಳಿದ್ದಾರೆಂದು ನಿನ್ನ ಅತ್ತಿಗೆಯಿಂದ ತಿಳಿಯಿತು. ಇಟ್ಟುಕೊಂಡಿದ್ದೀಯೋ, ಇಲ್ಲ ನಾಳೆ ನಾಡಿದ್ದು ಎಂದು ತಳ್ಳುತ್ತಿದ್ದೀಯೋ? ಹೋಟೆಲಿನಲ್ಲಿ ಬೆಳಗಿನಿಂದ ಟೇಬಲ್ಲಿಂದ ಟೇಬಲ್ಲಿಗೆ ಓಡಾಡುವವನಿಗೆ ಕಾಲೇ ಬಂಡವಾಳ, ಅದನ್ನು ನೋಡಿಕೊಳ್ಳಬೇಡವೇ. ಹೊತ್ತಿಗೆ ಸರಿಯಾಗಿ ಊಟ ಮಾಡು. ಊರಿಗೆಲ್ಲ ಬಡಿಸಿ ತಾವು ಮಾತ್ರ ಆರಿದ್ದನ್ನು ನಿಂತುಕೊಂಡು ತಿನ್ನುವುದು ನಿಮ್ಮ ಕಸುಬಿನವರ ಕೆಟ್ಟ ಚಾಳಿ ಎಂಬುದನ್ನು ಈ ವಾರ ಕಣ್ಣಾರೆ ಕಂಡೆ. ನಾನು ಆರೋಗ್ಯವಾಗಿದ್ದೇನೆ. ಮಂಡಿ ತನ್ನ ಪಾಡಿಗೆ ತಾನು ನೋಯುತ್ತದೆ, ನಾನು ನನ್ನ ಪಾಡಿಗೆ ನಡೆಯುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತಲ್ಲ, ಕಾಗದ ಯಾಕೆ ಎನ್ನುತ್ತೀಯ. ನೀನು ಫೋನು ಎತ್ತಿದರೂ ‘ಚೆನ್ನಾಗಿದ್ದೀನಮ್ಮ, ಕೆಲಸ ಇದೆ, ಇಡ್ತೀನಿ’ ಎಂದು ಇಟ್ಟುಬಿಡುತ್ತೀಯ. ಕಾಗದವಾದರೆ ನೀನು ಮುಗಿಯುವ ತನಕ ಓದಲೇಬೇಕು.

ಹಡಗು ಹೇಗಿದೆ ಎಂದು ಕೇಳಿದರೆ ಒಂದೇ ಮಾತು, ಅಸಹ್ಯ. ನಿನ್ನ ಅಣ್ಣ ಆಸೆಪಟ್ಟು ಕರೆದುಕೊಂಡು ಬಂದಿದ್ದಾನೆ, ಹಾಗೆಲ್ಲ ಹೇಳಬಾರದು. ಆದರೆ ನಿನ್ನ ಹತ್ತಿರವೂ ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋದೀತು. ಬಂದವರು ನಾಲ್ಕು ಜನ. ನಿನ್ನ ಅಣ್ಣ, ಅತ್ತಿಗೆ, ನಾನು, ಮತ್ತೆ ಅತ್ತಿಗೆಯ ತಂದೆ, ಅಂದರೆ ನಮ್ಮ ಬೀಗರು. ಬ್ಯಾಂಕಿನಲ್ಲಿ ಇನ್‌ಸ್ಪೆಕ್ಟರಾಗಿದ್ದವರು, ನಿವೃತ್ತರಾಗಿ ಹತ್ತು ವರ್ಷವಾದರೂ ಇನ್‌ಸ್ಪೆಕ್ಷನ್ ನಿಲ್ಲಿಸಿಲ್ಲ. ಇಲ್ಲಿ ಜನ ಬೆಳಿಗ್ಗೆ ಆರಕ್ಕೆ ತಿನ್ನಲು ಕೂತರೆ ಏಳುವುದು ನಿದ್ದೆ ಬಂದಾಗಲೇ. ನೆಲದ ಕಾರ್ಪೆಟ್ಟಿಗೆ ಹಳೆಯ ಬೆಣ್ಣೆಯ ವಾಸನೆ, ಅದರ ಮೇಲೆ ಅತ್ತರಿನ ವಾಸನೆ. ಮೊದಲ ದಿನವೇ ಒಬ್ಬ ಮಹಾಶಯ ಎಂಟು ಥರದ ಕೇಕು ತಟ್ಟೆಗೆ ಹಾಕಿಕೊಂಡು, ಒಂದೊಂದನ್ನೂ ಒಂದೊಂದು ಸಲ ಕಚ್ಚಿ, ಎಂಟನ್ನೂ ಹಾಗೇ ಬಿಟ್ಟು ಕೈ ಒರೆಸಿಕೊಂಡು ಹೋದ. ನನಗೆ ಹೊಟ್ಟೆ ತೊಳಸಿ ಬಂತು. ಅಲೆಯಿಂದ ಹೀಗಾಗುತ್ತದೆ ಎಂದು ಎಲ್ಲರೂ ಮಾತ್ರೆ ಕೊಟ್ಟರು. ಎಲ್ಲಿಯ ಅಲೆ, ಸಮುದ್ರ ಹಾಸಿದ ಚಾಪೆಯ ಹಾಗಿತ್ತು.

ದೊಡ್ಡ ಹಾಲಿನಲ್ಲಿ ಊಟಕ್ಕೆ ಬೇರೆ ದುಡ್ಡಿಲ್ಲ, ಟಿಕೆಟ್ಟಿನಲ್ಲೇ ಸೇರಿದೆ. ಅದು ಸಾಲದೆಂದು ಹನ್ನೊಂದನೆಯ ಅಂತಸ್ತಿನಲ್ಲಿ ಇನ್ನೊಂದು ರೆಸ್ಟೋರೆಂಟ್ ಇಟ್ಟಿದ್ದಾರೆ. ಅಲ್ಲಿ ತಲೆಗಿಷ್ಟು ಎಂದು ಬೇರೆ ಕೊಡಬೇಕು. ಒಮ್ಮೆ ಕೊಟ್ಟು ಹಡಗು ಹತ್ತಿದವರು ಮತ್ತೊಮ್ಮೆ ಕೊಟ್ಟು ಅಲ್ಲಿಗೆ ಹೋಗುವುದು ಯಾಕೆಂದರೆ, ಕೆಳಗಿನ ಹಾಲಿನಲ್ಲಿರುವ ನಮ್ಮಂಥವರ ಮುಖ ನೋಡದೆ ತಿನ್ನಬಹುದು, ಅದಕ್ಕೆ. ಸೋಮವಾರ ನಿನ್ನ ಅಣ್ಣ ಅತ್ತಿಗೆಯ ಮದುವೆಯಾಗಿ ಹದಿನೈದು ವರ್ಷ ತುಂಬಿತು. ಅಲ್ಲಿಯೇ ಊಟ ಮಾಡಬೇಕೆಂದು ಅವಳಿಗೆ ಆಸೆ. ವಯಸ್ಸಾದವರ ಕಾರ್ಡಿಗೆ ಅಲ್ಲಿ ಸ್ವಲ್ಪ ರಿಯಾಯಿತಿ ಇದೆ ಎಂದು ಬೀಗರು ಪತ್ತೆ ಹಚ್ಚಿದರು, ನಾಲ್ವರ ಊಟವನ್ನೂ ನನ್ನ ಕೋಣೆಯ ಕಾರ್ಡಿಗೆ ಬರೆಸಿದರು. ಅವರಿಗೂ ವಯಸ್ಸಾಗಿದೆ, ಆದರೆ ಅವರ ಕಾರ್ಡು ಜೇಬಿನಿಂದ ಹೊರಗೆ ಬಂದದ್ದನ್ನು ಯಾರೂ ಕಂಡಿಲ್ಲ. ಮುಂದೆ ಆದದ್ದೆಲ್ಲ ಊಟ ನನ್ನ ಹೆಸರಿಗೆ ಬಿದ್ದದ್ದರಿಂದಲೇ ಆದದ್ದು.

ನಿನಗೆ ನನ್ನ ಹಲ್ಲಿನ ಕಥೆ ಗೊತ್ತಿಲ್ಲ. ಎರಡು ತಿಂಗಳ ಹಿಂದೆ ಉಳಿದಿದ್ದ ಒಂಬತ್ತನ್ನೂ ಕೀಳಿಸಿ ಮೇಲೆ ಕೆಳಗೆ ಎರಡು ಸೆಟ್ಟು ಹಾಕಿಸಿದೆ. ಕೆಳಗಿನದು ಸಡಿಲ, ಗಟ್ಟಿಯಾದದ್ದನ್ನು ಕಚ್ಚಿದರೆ ಒಸಡಿಗೆ ಒತ್ತಿ ಪ್ರಾಣ ಹೋಗುತ್ತದೆ. ನಿನ್ನ ಅಣ್ಣನಿಗೆ, ಅತ್ತಿಗೆಗೆ ಗೊತ್ತು. ಬೀಗರಿಗೆ ಹೇಳಬೇಡಿ ಎಂದು ಆಣೆ ಹಾಕಿಸಿಕೊಂಡಿದ್ದೆ. ತಮ್ಮ ಬಾಯಲ್ಲಿರುವ ಮೂವತ್ತೆರಡೂ ಸ್ವಂತದ್ದು ಎಂದು ಅವರು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ, ಅವರ ಮುಂದೆ ನಾನು ಬೊಚ್ಚುಬಾಯಿ ಮುದುಕಿಯಾಗಬೇಕೆ? ಅಹಂಕಾರ ಕಣೋ, ಒಪ್ಪಿಕೊಳ್ಳುತ್ತೇನೆ. ಆ ರೆಸ್ಟೋರೆಂಟಿನಲ್ಲಿ ಅಗಲವಾದ ತಟ್ಟೆಯ ನಡುವೆ ಮಾಂಸದ ಒಂದು ದಪ್ಪ ತುಂಡು ತಂದಿಟ್ಟರು. ಜಗಿದೆ, ಜಗಿದೆ, ಅದು ಬಾಯಲ್ಲಿ ಈ ಕಡೆಯಿಂದ ಆ ಕಡೆಗೆ ತಿರುಗಿತೇ ಹೊರತು ಒಳಗೆ ಇಳಿಯಲಿಲ್ಲ. ಕೆಮ್ಮಿದಂತೆ ಮಾಡಿ ಕರವಸ್ತ್ರದಲ್ಲಿ ಉಗುಳಿಕೊಂಡೆ. ನಮಗೆ ಬಡಿಸುತ್ತಿದ್ದವನಿಗೆ ನಿನ್ನದೇ ವಯಸ್ಸಿರಬಹುದು. ಉದ್ದನೆಯ ಆಳು, ಬಾಗಿ ಬಾಗಿ ಬೆನ್ನು ಅದೇ ಆಕಾರಕ್ಕೆ ನಿಂತುಬಿಟ್ಟಿತ್ತು, ಎಡಗೈ ಹೆಬ್ಬೆರಳಿಗೆ ಪಟ್ಟಿ. ಅವನು ಒಮ್ಮೆ ನೋಡಿದ, ಅಷ್ಟೇ. ಆ ಕಡೆಯಿಂದ ಹಿಂತಿರುಗುವಾಗ ಒಂದು ಮಾತೂ ಆಡದೆ ನನ್ನ ತಟ್ಟೆಯನ್ನು ಎತ್ತಿಕೊಂಡು ಹೋದ. ‘ಅರೆ, ಇನ್ನೂ ತಿಂದೇ ಇಲ್ಲ, ಎತ್ಕೊಂಡು ಹೋದ್ನಲ್ಲ’ ಎಂದು ಬೀಗರು ಹುಬ್ಬು ಹಾರಿಸಿದರು. ಐದು ನಿಮಿಷಕ್ಕೆ ತಟ್ಟೆ ವಾಪಸು ಬಂತು. ಮಾಂಸವನ್ನು ಅಕ್ಕಿಕಾಳಿನಷ್ಟು ಸಣ್ಣಗೆ ಕೊಚ್ಚಿ, ಮೆತ್ತಗೆ ಬೇಯಿಸಿದ ಆಲೂಗಡ್ಡೆಯ ಮೇಲೆ ಗುಡ್ಡೆ ಮಾಡಿ, ಮೇಲೊಂದು ಎಲೆ ಸಿಕ್ಕಿಸಿ, ಅದು ಬರಬೇಕಾದದ್ದೇ ಹಾಗೆ ಎನ್ನುವಂತೆ ಮಾಡಿ ತಂದಿದ್ದ. ಎಲ್ಲರಿಗೂ ಕೇಳುವ ಹಾಗೆ, ‘ಅಡುಗೆಮನೆಯವರು ಆಗ ಬೇರೆಯವರ ಪ್ಲೇಟ್ ಕೊಟ್ಬಿಟ್ಟಿದ್ರು ಅಮ್ಮ, ಇದು ನಿಮ್ದು’ ಎಂದ. ನನ್ನ ಮಾನ ಉಳಿಸಲಿಕ್ಕೆ ತಪ್ಪನ್ನು ಅಡುಗೆಮನೆಯ ಮೇಲೆ ಹಾಕಿದ. ಊಟ ಮುಗಿಯುವ ತನಕ ಒಂದು ಸಲವೂ ನನ್ನ ಬಾಯಿಯ ಕಡೆ ನೋಡಲಿಲ್ಲ. ನಾನು ತಟ್ಟೆ ಬಳಿದು ತಿಂದೆ.

ಆಮೇಲೆ ಚೀಟಿ ಬಂತು. ನೀನು ದಿನವೂ ನೋಡುವಂಥದ್ದೇ, ಆದರೂ ಹೇಳುತ್ತೇನೆ. ಅದರಲ್ಲಿ ಮೂರು ಸಾಲು. ಒಂದು, ತಲೆಗಿಷ್ಟು ಎಂಬ ಊಟದ ದುಡ್ಡು. ಎರಡನೆಯದು ಸೇವೆಯ ಪಾಲು, ಅದನ್ನು ಹಡಗಿನವರೇ ಸೇರಿಸಿರುತ್ತಾರೆ. ಮೂರನೆಯದು ಖಾಲಿ ಸಾಲು, ಇಷ್ಟವಿದ್ದರೆ ಇನ್ನೂ ಒಂದಿಷ್ಟು ಬರೆಯಲಿಕ್ಕೆ. ಬೀಗರು ಕನ್ನಡಕ ಏರಿಸಿ ಅವನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ವಿಚಾರಣೆ ಶುರು ಮಾಡಿದರು. ಎರಡನೆಯ ಸಾಲಿನ ದುಡ್ಡು ಯಾರಿಗೆ ಹೋಗುತ್ತದೆ ಎಂದರು. ಪಾತ್ರೆ ತೊಳೆಯುವವರಿಂದ ಹಿಡಿದು ಬಡಿಸುವವರ ತನಕ ಹಂಚುತ್ತಾರೆ ಎಂದು ಅವನು ತಗ್ಗಿದ ದನಿಯಲ್ಲಿ ಹೇಳಿದ. ‘ಕೋಣೆಗೆ ದಿನಾ ಟಿಪ್ಸ್ ಹಿಡ್ಕೋತೀರಿ, ಊಟದ ಜೊತೆ ಇನ್ನೊಂದು ಹಿಡ್ಕೋತೀರಿ, ಮತ್ತೆ ಈ ಖಾಲಿ ಸಾಲು ಯಾಕೆ? ಒಂದು ಕೆಲಸಕ್ಕೆ ಎಷ್ಟು ಸಲ ಕೊಡೋದು?’ ಎಂದು ಜೋರಾಗಿಯೇ ಕೇಳಿದರು. ಪ್ರಶ್ನೆ ತಪ್ಪೆಂದು ನಾನು ಹೇಳುವುದಿಲ್ಲ. ಸಂಬಳವನ್ನು ಸರಿಯಾಗಿ ಕೊಟ್ಟು ಕೈತೊಳೆದುಕೊಳ್ಳುವುದನ್ನು ಬಿಟ್ಟು, ತನ್ನ ಆಳಿನ ಹೊಟ್ಟೆಪಾಡನ್ನು ಉಂಡವರ ಮರ್ಜಿಗೆ ಬಿಡುವ ಹಡಗಿನವರಿಗೂ ನಾಚಿಕೆಯಾಗಬೇಕು. ಆದರೆ ಆ ಪ್ರಶ್ನೆಯನ್ನು ಹಡಗಿನ ಯಜಮಾನನಿಗೆ ಕೇಳಬೇಕು, ತಟ್ಟೆ ಹಿಡಿದು ನಿಂತವನಿಗೆ ಅಲ್ಲ. ಅವನು ಏನು ಹೇಳಿಯಾನು? ಮೇಲಿಷ್ಟು ಕೊಡಿ ಎಂದರೆ ಭಿಕ್ಷೆ, ಬೇಡ ಎಂದರೆ ಸೊಕ್ಕು. ಅತ್ತ ಪಕ್ಕದ ಟೇಬಲಿನ ಗಂಡಸು ಎರಡು ಬೆರಳಿನ ನಡುವೆ ನೋಟು ಸಿಕ್ಕಿಸಿ, ತಲೆಯ ಮೇಲೆ ಎತ್ತಿ ಹಿಡಿದು, ಬಡಿಸುವ ಹುಡುಗಿ ತುದಿಗಾಲಲ್ಲಿ ನಿಂತು ತೆಗೆದುಕೊಳ್ಳುವುದನ್ನು ನೋಡಿ ನಗುತ್ತಿದ್ದ. ಕೊಡುವವರ ಚೆಂದ ಅದು, ಕೊಡದವರ ಚೆಂದ ಇದು.

ಕೊನೆಗೆ ಬೀಗರು ಪೆನ್ನು ತೆಗೆದು, ಚೆಕ್ಕಿಗೆ ಎಳೆಯುತ್ತಾರಲ್ಲ, ಹಾಗೆ ಆ ಖಾಲಿ ಸಾಲಿನ ಮೇಲೆ ಓರೆಯಾಗಿ ಎರಡು ಗೆರೆ ಎಳೆದರು. ‘ನಾವು ಎದ್ದು ಹೋದ್ಮೇಲೆ ಯಾರಾದ್ರೂ ಬರ್ಕೊಂಡ್ರೆ?’ ಎಂದರು, ಅವನ ಮುಖದ ಮುಂದೆ. ನನಗೆ ಹೇಸಿಗೆಯಾಯಿತು ಗುಂಡ. ಕೊಡುವ ಮನಸ್ಸಿಲ್ಲವೇ, ಕೊಡಬೇಡ. ಖಾಲಿ ಬಿಟ್ಟು ಏಳು. ಖಾಲಿ ಬಿಟ್ಟರೆ ಅವನು ಮರೆತರು ಎಂದುಕೊಳ್ಳುತ್ತಾನೆ, ಇಲ್ಲ ಜಿಪುಣರು ಎಂದುಕೊಳ್ಳುತ್ತಾನೆ, ಅಲ್ಲಿಗೆ ಮುಗಿಯಿತು. ಗೆರೆ ಎಳೆದರೆ ನೀನು ಕಳ್ಳ ಎಂದು ಬರೆದುಕೊಟ್ಟ ಹಾಗೆ. ನಿನ್ನ ಅಣ್ಣ ಗೋಡೆಯ ಮೇಲಿನ ಚಿತ್ರ ನೋಡುತ್ತ ಕೂತ. ಅತ್ತಿಗೆ ಫೋನಿನಲ್ಲಿ ತಲೆ ಹುದುಗಿಸಿದಳು. ನಾನೇನು ಕಡಿಮೆಯೇ, ಬೀಗರ ಮರ್ಯಾದೆ ಎಂದುಕೊಂಡು ತುಟಿ ಪಿಟಕ್ಕೆನ್ನದೆ ಗೆರೆಯ ಕೆಳಗೆ ಸಹಿ ಹಾಕಿದೆ. ಅವನು ಚೀಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ‘ಹುಷಾರಾಗಿ ಇಳೀರಿ ಅಮ್ಮ, ಮೆಟ್ಟಿಲು ಜಾರುತ್ತೆ’ ಎಂದ.

ಮಂಗಳವಾರ ಬೆಳಿಗ್ಗೆ ಈಜುಕೊಳದ ಪಕ್ಕ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿಕೊಂಡಿದ್ದೆ. ನಿನ್ನ ಅಣ್ಣ ಒಂದು ಕಾಗದ ತಂದು ಕೈಯಲ್ಲಿ ಪೆನ್ನು ಇಟ್ಟ. ‘ಏನೋ ಇದು’ ಎಂದೆ. ‘ನಿನ್ನೆ ಊಟದ್ದು ಅಮ್ಮ, ಸ್ವಲ್ಪ ದುಡ್ಡು ವಾಪಸ್ ಬರುತ್ತಂತೆ, ನಿನ್ನ ಕಾರ್ಡಲ್ವ, ನಿನ್ನ ಸಹಿ ಬೇಕು’ ಎಂದ. ಕಾಗದದ ಕೆಳಗಡೆ ಪೆನ್ಸಿಲಿನಲ್ಲಿ ಸಣ್ಣದೊಂದು ಗುಣಿಸು ಗುರುತು ಹಾಕಿತ್ತು. ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಮೂವತ್ತೊಂದು ವರ್ಷ ನಾನು ಮಾಡಿದ್ದು ಅದೇ ಕೆಲಸ, ನಿನಗೆ ಗೊತ್ತಲ್ಲ, ಶಾಲೆ ಬಿಟ್ಟ ಮೇಲೆ ನೀನು ನನ್ನ ಮೇಜಿನ ಪಕ್ಕದಲ್ಲೇ ಕೂತು ಲೆಕ್ಕ ಮಾಡುತ್ತಿದ್ದೆ. ಗುಮಾಸ್ತರು ದಿನಕ್ಕೆ ನೂರು ಕಾಗದ ತಂದಿಡುತ್ತಿದ್ದರು, ಎಲ್ಲಿ ಪೆನ್ಸಿಲಿನ ಗುರುತಿದೆಯೋ ಅಲ್ಲಿ ಸಹಿ. ಓದುತ್ತ ಕೂತರೆ ಸಂಜೆಯಾಗುತ್ತಿತ್ತು. ಆ ಗುರುತು ಕಂಡರೆ ನನ್ನ ಕೈ ತಾನಾಗಿ ಓಡುತ್ತದೆ, ಕನ್ನಡಕವೂ ಬೇಕಾಗುವುದಿಲ್ಲ. ಸಹಿ ಹಾಕಿದೆ, ಕೆಳಗೆ ಎರಡು ಚುಕ್ಕೆ ಇಟ್ಟೆ, ತಾರೀಖು ಬರೆದೆ. ‘ಒಂದೇ ಪ್ರತೀನಾ?’ ಎಂದೂ ಕೇಳಿದೆ. ದಡ್ಡತನಕ್ಕೂ ಒಂದು ಮಿತಿ ಬೇಡವೇ.

ನಿನ್ನೆ, ಅಂದರೆ ಗುರುವಾರ ಬೆಳಿಗ್ಗೆ, ಕೆಳಗಿನ ಹಾಲಿನಲ್ಲಿ ತಿಂಡಿ ಮುಗಿಸಿ ಎಂಜಲು ಟ್ರೇ ಇಡುವ ಕಿಂಡಿಯ ಹತ್ತಿರ ಹೋದೆ. ಆಚೆ ಕಡೆ ಅವನೇ ನಿಂತಿದ್ದ. ಕಪ್ಪು ಕೋಟು ಹೋಗಿ ಪ್ಲಾಸ್ಟಿಕ್ಕಿನ ಏಪ್ರನ್ ಬಂದಿತ್ತು. ಜನ ಬಿಟ್ಟ ಮೊಟ್ಟೆ, ಬ್ರೆಡ್ಡು, ಒಳಗೆ ಸಿಗರೇಟು ಅದ್ದಿದ ಕಾಫಿ, ಎಲ್ಲವನ್ನೂ ಕೈಯಿಂದ ಬಕೆಟ್ಟಿಗೆ ಬಳಿದು ಹಾಕುತ್ತಿದ್ದ. ಹೆಬ್ಬೆರಳಿನ ಪಟ್ಟಿ ನೆನೆದು ಕೊಳೆಯಾಗಿತ್ತು. ‘ಇಲ್ಲಿ ಯಾಕಪ್ಪ?’ ಎಂದರೆ, ‘ಈ ವಾರ ಇಲ್ಲಿ ಹಾಕಿದ್ದಾರೆ ಅಮ್ಮ’ ಎಂದು ನಕ್ಕ. ಕೋಣೆಗೆ ಬಂದು ಹಾಸಿಗೆ ಸರಿಮಾಡುವ ಹೆಂಗಸನ್ನು ಕೇಳಿದೆ. ಅವಳು ದಿಂಬು ಕೆಳಗಿಟ್ಟು, ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದಳು. ‘ಅವನ ಮೇಲೆ ಕಂಪ್ಲೇಂಟ್ ಬಂತಲ್ಲಮ್ಮ, ಇದು ಮೂರನೇದು. ಮೂರಾದ್ರೆ ಮತ್ತೆ ಕೆಲಸಕ್ಕೆ ಕರೆಯಲ್ಲ’ ಎಂದಳು. ಶನಿವಾರ ಹಡಗು ದಡ ಸೇರುತ್ತದೆ, ಇವರೆಲ್ಲರ ಕರಾರು ಅಂದೇ ಮುಗಿಯುತ್ತದೆ. ಮುಂದಿನ ಎಂಟು ತಿಂಗಳಿಗೆ ಯಾರು ಬೇಕು, ಯಾರು ಬೇಡ ಎಂಬ ಪಟ್ಟಿ ಶುಕ್ರವಾರ ಬೆಳಿಗ್ಗೆ ಗೋಡೆಗೆ ಬೀಳುತ್ತದೆ. ಹೆಸರಿಲ್ಲದವನು ಪೆಟ್ಟಿಗೆ ಎತ್ತಿಕೊಂಡು ಇಳಿಯಬೇಕು, ಅಷ್ಟೇ. ಇಷ್ಟು ಹೇಳಿ ಅವಳು ಹೊದಿಕೆ ಕೊಡವುತ್ತ, ‘ಈ ಕೋಣೆಯಿಂದಲೇ ಹೋದದ್ದು ಅಂತಾರೆ. ನಾನು ನಂಬ್ಲಿಲ್ಲ ಬಿಡಿ, ನೀವು ಅಂಥವರಲ್ಲ’ ಎಂದಳು.

ಕನ್ನಡಕ ಹಾಕಿಕೊಂಡು ಕೆಳಗಿನ ವಿಚಾರಣೆ ಕೌಂಟರಿಗೆ ಓಡಿದೆ. ಅಲ್ಲಿನ ಹುಡುಗಿ ಕಾಗದ ತೆಗೆದು ತೋರಿಸಿದಳು. ಆ ಎರಡನೆಯ ಸಾಲಿನ ದುಡ್ಡು ಸುಮ್ಮನೆ ವಾಪಸು ಕೊಡುವುದಿಲ್ಲವಂತೆ, ಸೇವೆ ಸರಿಯಿರಲಿಲ್ಲ ಎಂದು ಆಳಿನ ಹೆಸರು ಹಿಡಿದು ಬರೆದುಕೊಟ್ಟರೆ ಮಾತ್ರ ಕೊಡುತ್ತಾರಂತೆ. ಅದಕ್ಕೇ ಬೀಗರು ಬರೆದಿದ್ದಾರೆ. ‘ವೃದ್ಧ ಮಹಿಳೆಯು ಅರ್ಧ ಊಟದಲ್ಲಿರುವಾಗ ಹೇಳದೆ ಕೇಳದೆ ತಟ್ಟೆಯನ್ನು ಎತ್ತಿಕೊಂಡು ಹೋಗಿರುತ್ತಾನೆ. ಇನಾಮಿನ ಆಸೆಯಿಂದ ಟೇಬಲಿನ ಬಳಿಯೇ ನಿಂತಿರುತ್ತಾನೆ.’ ಕೆಳಗೆ ನನ್ನ ಸಹಿ, ಎರಡು ಚುಕ್ಕೆ. ಅವನು ಮಾಡಿದ ಉಪಕಾರವನ್ನೇ ಹೆಕ್ಕಿ ಅಪರಾಧ ಮಾಡಿದ್ದರು. ವಾಪಸು ಬಂದ ದುಡ್ಡು ಎಷ್ಟು ಗೊತ್ತೇ, ಇಲ್ಲಿ ನಾಲ್ಕು ಕಾಫಿಗೂ ಸಾಲದು. ಇದನ್ನು ಹಿಂದೆ ತಗೊಳ್ತೀನಿ ಎಂದೆ. ‘ತಗೋಬಹುದು ಮೇಡಂ, ಆದ್ರೆ ನಂಬರ್ ಬಿದ್ದಾಗಿದೆ, ಲೆಕ್ಕದಲ್ಲಿ ಮೂರು ಅಂತಲೇ ಇರುತ್ತೆ’ ಎಂದಳು. ಆ ಮಾತು ನನಗೆ ಎಷ್ಟು ಚೆನ್ನಾಗಿ ಗೊತ್ತು! ಕಂಬ ಹತ್ತುವ ಲೈನ್‌ಮನ್ನುಗಳು ಟೊಪ್ಪಿಗೆ ಕೈಯಲ್ಲಿ ಹಿಡಿದು ಬಂದು, ಮೇಡಂ ಆ ದೂರು ಸುಳ್ಳು ಎಂದು ಗೋಗರೆದಾಗ ನಾನೂ ತಲೆ ಎತ್ತದೆ ‘ನಂಬರ್ ಬಿದ್ದಾಗಿದೆ ಕಣಪ್ಪ’ ಎಂದು ಹೇಳಿ ಕಳಿಸಿದವಳೇ. ಎಷ್ಟು ಜನ ಬಂದರು, ಎಷ್ಟು ಜನ ಹೋದರು, ಒಬ್ಬರ ಮುಖವೂ ನೆನಪಿಲ್ಲ. ಬೇರೆಯವರ ಮೇಲೆ ಬಂದ ಅಸಹ್ಯಕ್ಕಿಂತ ನನ್ನ ಮೇಲೆ ನನಗೇ ಬಂದದ್ದು ಹೆಚ್ಚು.

ನಿನ್ನ ಅಣ್ಣನನ್ನು ಹಿಡಿದು ಕೇಳಿದರೆ ಇಂಗು ತಿಂದ ಮಂಗನ ಹಾಗೆ ನಿಂತ. ‘ಮಾವ ಹೇಳಿದ್ರು ಅಮ್ಮ, ಇಲ್ಲಿ ಎಲ್ಲರೂ ಹೀಗೇ ಮಾಡ್ತಾರಂತೆ. ಅವನಿಗೆ ಇಷ್ಟೆಲ್ಲ ಆಗುತ್ತೆ ಅಂತ ನನಗೇನು ಗೊತ್ತು’ ಎಂದ. ಕೆಟ್ಟವನಲ್ಲ ಅವನು, ಯಾರು ಜೋರಾಗಿ ಮಾತಾಡುತ್ತಾರೋ ಅವರ ಹಿಂದೆ ನಡೆಯುವುದು ಚಿಕ್ಕಂದಿನಿಂದ ಅಭ್ಯಾಸ. ಬೀಗರಿಗಂತೂ ಎಳ್ಳಷ್ಟೂ ಅಳುಕಿಲ್ಲ. ‘ಬರೆದದ್ರಲ್ಲಿ ಸುಳ್ಳೇನಿದೆ ಹೇಳಿ ಬೀಗಿತ್ತಿ, ತಟ್ಟೆ ಎತ್ಕೊಂಡು ಹೋದ್ನೋ ಇಲ್ವೋ?’ ಎಂದು ನನ್ನನ್ನೇ ಕೇಳಿದರು. ನಾನು ನೇರ ಲಿಫ್ಟಿನ ಕಡೆ ನಡೆದೆ. ನಾನು ಏನೋ ಅವಾಂತರ ಮಾಡುತ್ತೇನೆಂದು ಮೂವರೂ ಬೆನ್ನಿಗೇ ಬಂದರು.

ಹನ್ನೊಂದನೆಯ ಅಂತಸ್ತಿನ ರೆಸ್ಟೋರೆಂಟ್ ಮಧ್ಯಾಹ್ನದ ಊಟಕ್ಕೆ ಆಗಷ್ಟೇ ಬಾಗಿಲು ತೆರೆದಿತ್ತು. ಒಳಗೆ ಐದಾರು ಟೇಬಲ್ಲಿನಲ್ಲಿ ಜನ. ಬಾಗಿಲ ಪಕ್ಕದ ಮೇಜಿನಲ್ಲಿ ಅಲ್ಲಿನ ಮುಖ್ಯಸ್ಥ ಕೂತಿದ್ದ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ. ನಾನು ಹೇಳಿದ್ದನ್ನೆಲ್ಲ ಕೇಳಿ, ದೂರಿನ ಕಾಗದವನ್ನು ತರಿಸಿ ಓದಿ, ‘ಹಾಗಾದ್ರೆ ಅವನು ತಟ್ಟೆ ತೆಗೆದುಕೊಂಡು ಹೋಗಿದ್ದು ನಿಜ?’ ಎಂದ. ನಿಜ ಎಂದೆ. ‘ನಿಮ್ಮನ್ನ ಕೇಳದೆ?’ ಹೌದು ಎಂದೆ. ಅವನು ಬೀಗರ ಮುಖ ನೋಡಿದ, ಬೀಗರು ಗೆದ್ದವರ ಹಾಗೆ ತಲೆಯಾಡಿಸಿದರು. ತಟ್ಟೆಯ ಬಗ್ಗೆ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ ನೋಡು, ಆದರೂ ಇಡೀ ಕಾಗದವೇ ಸುಳ್ಳು. ಇದನ್ನು ಬಾಯಿಮಾತಿನಲ್ಲಿ ಬಿಡಿಸಿ ಹೇಳುವುದು ಹೇಗೆ ಎಂದು ಒಂದು ಕ್ಷಣ ತಬ್ಬಿಬ್ಬಾದೆ. ಆಮೇಲೆ ಯಾವ ಧೈರ್ಯ ಬಂತೋ, ಮೇಜಿನ ಮೇಲಿದ್ದ ಮಡಚಿದ ಬಿಳಿ ಬಟ್ಟೆಯನ್ನು ಬಿಚ್ಚಿ ಹಾಸಿದೆ. ಬಾಯಿಗೆ ಕೈ ಹಾಕಿ ಕೆಳಗಿನ ಸೆಟ್ಟು ತೆಗೆದಿಟ್ಟೆ. ಆಮೇಲೆ ಮೇಲಿನದು. ಜೊಲ್ಲು ಸಮೇತ. ಹತ್ತಿರದ ಟೇಬಲಿನ ಹೆಂಗಸು ಚಮಚ ಕೆಳಗಿಟ್ಟಳು. ‘ಅಯ್ಯೋ ಅತ್ತೆ’ ಎಂದು ನಿನ್ನ ಅತ್ತಿಗೆ ಸೆರಗೋ ಶಾಲೋ ಏನು ಸಿಕ್ಕಿತೋ ಅದರಿಂದ ಮುಖ ಮುಚ್ಚಿಕೊಂಡಳು. ಹಲ್ಲಿಲ್ಲದ ಬಾಯಲ್ಲಿ ಮಾತೆಲ್ಲ ಗಾಳಿಯಾಗಿ ಹೋಗುತ್ತಿತ್ತು, ಆದರೂ ಹೇಳಿದೆ. ನನಗೆ ಜಗಿಯಲಾಗಲಿಲ್ಲ, ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ, ಅವನೊಬ್ಬನಿಗೆ ತಿಳಿಯಿತು, ನನ್ನ ಮಾನ ಕಾಯ್ದ, ಅದಕ್ಕೆ ತಟ್ಟೆ ಎತ್ತಿಕೊಂಡು ಹೋದ. ಇಷ್ಟನ್ನೂ ಬರೆದುಕೊಳ್ಳಿ ಎಂದೆ. ಮುಖ್ಯಸ್ಥ ಎದ್ದು ನಿಂತುಬಿಟ್ಟ. ಬೀಗರು ಒಮ್ಮೆ ಹಲ್ಲಿನ ಸೆಟ್ಟನ್ನು, ಒಮ್ಮೆ ನನ್ನನ್ನು ನೋಡಿ, ಮುಖ ಸಿಂಡರಿಸಿಕೊಂಡು ಕಿಟಕಿಯ ಕಡೆ ತಿರುಗಿದರು. ಅವರಿಗೆ ನನ್ನನ್ನು ಕಂಡು ಹೇಸಿಗೆಯಾಯಿತು. ಆಗಲಿ, ನಾಲ್ಕು ದಿನದಿಂದ ನನಗೆ ಆಗುತ್ತಿರಲಿಲ್ಲವೇ.

ಒಂದು ಹಾಳೆ ಕೇಳಿ, ಅಲ್ಲೇ ಕೂತು, ಕಚೇರಿಯ ರೀತಿಯಲ್ಲೇ ಬರೆದೆ. ವಿಷಯ, ಉಲ್ಲೇಖ, ದೂರಿನ ನಂಬರು, ಎಲ್ಲ. ‘ನಾನು ಓದದೆ ಸಹಿ ಮಾಡಿದ್ದು ನನ್ನ ತಪ್ಪು’ ಎಂಬ ಸಾಲಿನ ಕೆಳಗೆ ಒತ್ತಿ ಗೆರೆ ಹಾಕಿದೆ. ನಂಬರು ಅಳಿಸಲಾಗುವುದಿಲ್ಲ, ಆದರೆ ಪಕ್ಕದಲ್ಲಿ ಟಿಪ್ಪಣಿ ಬರೆದು ಮೇಲಿನವರಿಗೆ ತಾನೇ ಕೊಂಡೊಯ್ದು ಕೊಡುತ್ತೇನೆ ಎಂದು ಮುಖ್ಯಸ್ಥ ಹೇಳಿದ. ಬೀಗರು ನಿನ್ನೆಯಿಂದ ನನ್ನ ಜೊತೆ ಊಟಕ್ಕೆ ಕೂರುತ್ತಿಲ್ಲ. ಅತ್ತಿಗೆ ತಲೆನೋವೆಂದು ಮಲಗಿದ್ದಾಳೆ. ನಿನ್ನ ಅಣ್ಣ ಮಾತ್ರ ರಾತ್ರಿ ಸೂಪು ತಂದು ಕೋಣೆಯಲ್ಲಿಟ್ಟು ಹೋದ.

ಇವತ್ತು ಬೆಳಿಗ್ಗೆ ಪಟ್ಟಿ ಬಿತ್ತು. ಹಾಸಿಗೆ ಸರಿಮಾಡುವವಳು ಓಡಿ ಬಂದು ಹೇಳಿದಳು, ಅವನ ಹೆಸರಿದೆ. ಆದರೆ ಮೇಲಿನ ರೆಸ್ಟೋರೆಂಟಿನಲ್ಲಿ ಅಲ್ಲ, ಕೆಳಗಿನ ಹಾಲಿನಲ್ಲಿ, ಎಂಜಲು ಕಿಂಡಿಯಲ್ಲೇ. ಅಲ್ಲಿಗೆ ಟಿಪ್ಸಿನ ಪಾಲು ಬರುವುದು ಅಷ್ಟಕ್ಕಷ್ಟೇ. ಮೇಲಕ್ಕೆ ಹತ್ತಲು ಐದು ವರ್ಷ ಹಿಡಿದಿತ್ತಂತೆ. ಕೆಲಸ ಉಳಿಯಿತು ಎಂದು ಸಂತೋಷಪಡಲೋ, ಐದು ವರ್ಷವನ್ನು ಒಂದು ಸಹಿಯಲ್ಲಿ ನುಂಗಿದೆನೆಂದು ಅಳಲೋ ತಿಳಿಯಲಿಲ್ಲ. ನನ್ನ ಪೆನ್ಷನ್ ದುಡ್ಡಿನಲ್ಲಿ ಕೈಲಾದಷ್ಟನ್ನು ಲಕೋಟೆಗೆ ಹಾಕಿ ಕಿಂಡಿಯ ಹತ್ತಿರ ಹೋದೆ. ಬೇಡ ಎನ್ನುತ್ತಾನೆ, ಒತ್ತಾಯ ಮಾಡಬೇಕಾಗುತ್ತದೆ ಎಂದುಕೊಂಡಿದ್ದೆ. ಅವನು ಕೈ ಒರೆಸಿಕೊಂಡು, ‘ತಗೊಳ್ತೀನಿ ಅಮ್ಮ, ಬೇಕು ನನಗೆ’ ಎಂದು ತೆಗೆದುಕೊಂಡ. ಅದರಿಂದ ನನಗೆ ಎಷ್ಟೋ ಸಮಾಧಾನವಾಯಿತು. ಆಮೇಲೆ, ‘ನೀವು ಮೇಲೆ ಬರೆದುಕೊಟ್ರಂತಲ್ಲ, ಅದರದ್ದೊಂದು ನಕಲು ಸಿಗುತ್ತಾ? ನಿಮ್ಮ ಕೈಯಲ್ಲೇ ಬರೆದದ್ದು?’ ಎಂದು ಕೇಳಿದ. ಹಡಗಿನವರಿಗೆ ಕೊಟ್ಟಾಗಿದೆಯಲ್ಲಪ್ಪ, ನಿನಗೆ ಯಾಕೆ ಎಂದೆ. ‘ಮನೇಲಿ ಅಪ್ಪನಿಗೆ ತೋರಿಸ್ಬೇಕು. ಹಿಂದಿನ ಎರಡು ಸಲವೂ ನಾನು ಹೇಳಿದ್ದನ್ನ ಅವರು ನಂಬ್ಲಿಲ್ಲ’ ಎಂದ. ಕೋಣೆಗೆ ಬಂದು ನೆನಪಿನಿಂದಲೇ ಒಂದಕ್ಷರ ಬಿಡದೆ ಬರೆದು ಕೊಂಡೊಯ್ದು ಕೊಟ್ಟೆ. ಟ್ರೇಗಳ ನಡುವೆ ನಿಂತುಕೊಂಡೇ ಎರಡು ಸಲ ಓದಿ, ಏಪ್ರನ್ನಿನ ಒಳಗಿನ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ.

ಅದಾದ ಮೇಲೆ ಕೋಣೆಗೆ ಬಂದು ಕೂತವಳು ಈ ಕಾಗದ ಶುರು ಮಾಡಿದೆ. ಕೈ ನೋಯುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ. ಬೂಟಿಗೆ ಮೆತ್ತನೆಯದನ್ನು ಇಟ್ಟುಕೋ, ಮರೆಯಬೇಡ. ನಿನ್ನ ಜೊತೆ ಕೋಣೆ ಹಂಚಿಕೊಂಡಿರುವ ಅಡುಗೆಯವನಿಗೂ ನಾನು ಕೇಳಿದೆನೆಂದು ಹೇಳು. ಮೈ ಕೈ ಗಟ್ಟಿಯಾಗಿರಲಿ, ನಿನಗೆ ಒಳ್ಳೆಯದಾಗಲಿ ಮಗನೇ.

ಸದಾ ನಿನ್ನನ್ನೇ ನೆನೆಯುವ,
ನಿನ್ನ ಅಮ್ಮ

ತಾ.ಕ.: ಶನಿವಾರ ಬೆಳಿಗ್ಗೆ. ಪೆಟ್ಟಿಗೆಗಳನ್ನು ಹೊರಗಿಟ್ಟಾಗಿದೆ, ಹತ್ತು ನಿಮಿಷಕ್ಕೆ ಇಳಿಯಬೇಕು, ನಿನ್ನ ಅಣ್ಣ ಬಾಗಿಲು ಬಡಿಯುತ್ತಿದ್ದಾನೆ. ಇಷ್ಟುದ್ದ ಬರೆದರೂ ಬರೆಯಬೇಕಾದ್ದನ್ನು ಬರೆಯಲಿಲ್ಲ. ನಾಲ್ಕು ವರ್ಷದ ಹಿಂದೆ ನಿನ್ನನ್ನು ಮೊದಲಿನ ಹೋಟೆಲಿನಿಂದ ಕಳಿಸಿದ ದಿನ ನೀನು ಆ ದೂರಿನ ಕಾಗದ ತಂದು ‘ನೋಡಮ್ಮ’ ಎಂದು ನನ್ನ ಮುಂದಿಟ್ಟೆ. ನೀನು ಗಿರಾಕಿಯ ಮೇಲೆ ಬೇಕೆಂದೇ ಬಿಸಿ ಸೂಪು ಚೆಲ್ಲಿದೆ ಎಂದಿತ್ತು. ನಾನು ಸಹಿ ನೋಡಿದೆ, ತಾರೀಖು ನೋಡಿದೆ, ‘ಏನೂ ಮಾಡದೆ ಯಾರಾದ್ರೂ ಬರೆದು ಕೊಡ್ತಾರೇನೋ’ ಎಂದೆ. ಮರುವಾರ ನೀನು ಊರು ಬಿಟ್ಟೆ, ಮತ್ತೆ ಮನೆಗೆ ಬರಲಿಲ್ಲ. ನೀನು ಚೆಲ್ಲಿದೆಯೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಕಾಗದ ಓದಿದೆ, ನಿನ್ನನ್ನು ಕೇಳಲೇ ಇಲ್ಲ. ನಾಡಿದ್ದಲ್ಲ, ಅದರ ಮುಂದಿನ ಸೋಮವಾರದ ಬಸ್ಸಿಗೆ ಹೊರಟು ನಿನ್ನಲ್ಲಿಗೆ ಬರುತ್ತೇನೆ, ಆವತ್ತು ಏನಾಯಿತೆಂದು ನಿನ್ನ ಬಾಯಿಂದ ಕೇಳಬೇಕು. ಬರಬೇಡ ಎನ್ನುವುದಾದರೆ ಮಾತ್ರ ಫೋನು ಮಾಡು.